ದೊಡ್ಡ ಬಾಗಿಲಿಂದ ಹೊಕ್ಕವಳು

ಯಮನಮ್ಮನಿಗೆ ಸಿಟ್ಟು ಸುಲಭಕ್ಕೆ ಬರುತ್ತಿರಲಿಲ್ಲ. ಬಂದರೆ ಇಳಿಯುತ್ತಲೂ ಇರಲಿಲ್ಲ.

ಮಸ್ಕಿ ಹಳ್ಳದ ದಂಡೆಗಿದ್ದ ಒಂದು ಸಣ್ಣ ಊರು. ಊರ ಹೊರಗಿನ ಕೇರಿಯಲ್ಲಿ ಆಕೆಯ ಮನೆ. ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿದೆ ಎಂದು ಸಂತೆಗೆ ಹೋಗಿಬಂದವರು ಹೇಳುತ್ತಿದ್ದ ಕಾಲ. ಯಮನಮ್ಮ ಸೂಲಗಿತ್ತಿ. ಊರಿನ ಅರ್ಧ ಮಂದಿ ಭೂಮಿಗೆ ಬಿದ್ದದ್ದೇ ಆಕೆಯ ಅಂಗೈಯ ಮೇಲೆ. ಬಸವಂತರಾಯನ ವಾಡೆಗೂ ಆಕೆಯೇ ಹೋಗಬೇಕು. ಬಸವಂತರಾಯ ಊರಿನ ಧಣಿ, ವಾಡೆ ಅವನ ದೊಡ್ಡ ಮನೆ. ಹೊಲದ ಬಹುಪಾಲು ಅವನದು, ಉಳಿದುದರ ಮೇಲೆ ಅವನ ಮಾತು. ವಾಡೆಯ ಹೆಣ್ಣುಮಕ್ಕಳಿಗೆ ಬೇನೆ ಶುರುವಾದರೆ ಹಿತ್ತಲ ಬಾಗಿಲು ತೆರೆದು ಆಕೆಯನ್ನು ಒಳಗಿನ ಕತ್ತಲೆ ಕೋಣೆಯವರೆಗೂ ಕರೆದೊಯ್ಯುತ್ತಿದ್ದರು. ಹೆರಿಗೆಯಾಗುವವರೆಗೆ "ಯಮನವ್ವ, ನೀನೇ ದೇವರು" ಎನ್ನುವರು. ಕೂಸು ಅತ್ತ ಮೇಲೆ ಆಕೆ ಮುಟ್ಟಿದ ಜಾಗಕ್ಕೆಲ್ಲ ನೀರು ಸುರಿಯುವರು. ಆಕೆಯ ಅವ್ವನ ಕಾಲದಿಂದಲೂ ಅದು ಹಾಗೆಯೇ ನಡೆದಿತ್ತು. ಗಂಡ ಗದ್ದೆಪ್ಪ ಅದೇ ವಾಡೆಯ ದನ ಕಾಯುವವನು. ಧಣಿ ಕೆಮ್ಮಿದರೂ ಎದ್ದು ನಿಲ್ಲುವ ಮನುಷ್ಯ.

ಅವರಿಗೆ ಒಬ್ಬಳೇ ಮಗಳು, ಜೋಗಮ್ಮ. ಅವಳ ಗಂಡ ಹಟ್ಟಿಯಲ್ಲಿದ್ದ. ಅಲ್ಲಿ ಹಳೆಯ ಚಿನ್ನದ ಗಣಿಯನ್ನು ಮತ್ತೆ ತೆರೆಯುವ ಕೆಲಸ ನಡೆದಿತ್ತು, ಅದರಲ್ಲಿ ಅವನೊಬ್ಬ ಆಳು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದ ಜೋಗಮ್ಮ ಹೆಣ್ಣು ಹೆತ್ತಿದ್ದಳು.

ಆ ಬೇಸಿಗೆಯಲ್ಲಿ ವಾಡೆಯಲ್ಲಿ ಮದುವೆ. ಮದುವೆಯೆಂದರೆ ಕೇರಿಗೆ ಬಿಟ್ಟಿ. ಕುಟ್ಟುವುದು, ಬೀಸುವುದು, ಸಾರಿಸುವುದು, ನೀರು ಹೊರುವುದು. ಕರೆದಾಗ ಹೋಗಬೇಕು, ಬಿಟ್ಟಾಗ ಬರಬೇಕು, ಕೈಗೆ ಏನೂ ಬರುವುದಿಲ್ಲ. ಬಿಟ್ಟಿ ರದ್ದಾಗಿದೆಯೆಂದು ಹೈದರಾಬಾದಿನಿಂದ ಫರ್ಮಾನು ಬಂದಿದೆ ಎನ್ನುತ್ತಿದ್ದರು. ಬಂದಿದ್ದರೆ ಅದು ವಾಡೆಯ ಅಗಸೆಬಾಗಿಲು ದಾಟಿ ಕೇರಿಗಂತೂ ಬಂದಿರಲಿಲ್ಲ.

ಒಂದು ಬೆಳಗ್ಗೆ ಯಮನಮ್ಮ ಹಳ್ಳದಿಂದ ನೀರು ಹೊತ್ತುಕೊಂಡು ಬಂದಾಗ ವಾಡೆಯ ತಳವಾರ ನರಸಣ್ಣ ಅವಳ ಮನೆಯೊಳಗಿದ್ದ. ಬಾಗಿಲಲ್ಲಿ ಅಲ್ಲ, ಒಲೆಯ ಹತ್ತಿರ. ಕಾಲಲ್ಲಿ ಕೆರವು, ಕೈಯಲ್ಲಿ ಬಡಿಗೆ. ಬಾಣಂತಿಗೆ ಮರೆಯಾಗಿ ಕಟ್ಟಿದ್ದ ಸೀರೆಯನ್ನು ಅದೇ ಬಡಿಗೆಯಿಂದ ಪಕ್ಕಕ್ಕೆ ಸರಿಸಿ ನಿಂತಿದ್ದ. ಒಳಗೆ ಜೋಗಮ್ಮ ಕೂಸಿಗೆ ಮೊಲೆ ಕೊಡುತ್ತಿದ್ದವಳು ಸೆರಗೆಳೆದುಕೊಂಡು ಗೋಡೆಗೆ ಮುಖ ಮಾಡಿದ್ದಳು. ಗದ್ದೆಪ್ಪ ಹೊಸ್ತಿಲ ಹೊರಗೆ ಕೈ ಹೊಸೆಯುತ್ತಿದ್ದ.

"ಏಳಬೇ ಜೋಗವ್ವ. ಕುಟ್ಟಾಕ ಮಂದಿ ಕಡಿಮಿ ಬಿದ್ದಾರ," ಎಂದ ನರಸಣ್ಣ.

"ಹಸಿ ಬಾಣಂತಿ ಅದಾಳೋ," ಎಂದು ಯಮನಮ್ಮ ಕೊಡ ಇಳಿಸಿದಳು. "ಆಕಿ ಬದ್ಲಿ ನಾ ಬರ್ತೀನಿ, ನಡಿ."

"ನಿನ್ನ ತೋಳಾಗ ಏನೈತಿ? ಪ್ರಾಯದಾಕಿನ್ನ ಕರಕೊಂಬಾ ಅಂದಾರ. ಮಧ್ಯಾಹ್ನಕ್ಕ ಬಿಡ್ತಾರ ತಗೋ."

"ಹೋಗಿ ಬಾರವ್ವ," ಎಂದ ಗದ್ದೆಪ್ಪ ಹೊರಗಿನಿಂದ. ಜೋಗಮ್ಮ ಕೂಸನ್ನು ಅವ್ವನ ಕೈಗಿತ್ತು ಹೋದಳು.

ಮಧ್ಯಾಹ್ನವಾಯಿತು. ಬಿಡಲಿಲ್ಲ. ಕೂಸು ಕಿರುಚತೊಡಗಿತು. ಯಮನಮ್ಮ ಆಡಿನ ಹಾಲಲ್ಲಿ ಅರಿವೆಯ ಚೂರು ಅದ್ದಿ ಬಾಯಿಗಿಟ್ಟರೆ ಉಗುಳಿತು. ಕೇರಿಯಲ್ಲಿ ಹಾಲುಣಿಸುವ ಬೇರೆ ಹೆಂಗಸರು ಯಾರಿದ್ದರು? ಅವರೂ ಅದೇ ವಾಡೆಯಲ್ಲಿ ಕುಟ್ಟುತ್ತಿದ್ದರು. ಆಕೆ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಉರಿಬಿಸಿಲಲ್ಲಿ ವಾಡೆಯ ಹಿತ್ತಲಿಗೆ ಹೋದಳು. ಬಾಗಿಲು ಕಾಯುತ್ತಿದ್ದವನು ಮತ್ತೆ ನರಸಣ್ಣ.

"ಮದವಿ ಅಕ್ಕಿ ಅದು. ಮುಗಿಯೂತನ ಯಾರೂ ಹೊರಗ ಬರೂಹಂಗಿಲ್ಲ."

"ಆಕಿ ಬರೂದು ಬ್ಯಾಡ. ಕೂಸಿನ್ನ ಒಳಗ ಒಯ್ದು ಕೊಡು. ಕುಡಿಸಿ ಕೊಡ್ತಾಳ."

"ನಿಮ್ಮ ಕೂಸಿನ್ನ ನಾ ಎತಗೊಂಡು ಮದವಿ ಮನ್ಯಾಗ ಅಡ್ಡಾಡ್ಲೇನು? ಕುಂದ್ರು ಅಲ್ಲೇ." ಅವನು ಬಾಗಿಲು ಹಾಕಿಕೊಂಡ.

ಯಮನಮ್ಮ ಗೋಡೆಯ ನೆರಳಿಗೆ ಕೂತಳು. ನೆರಳು ಸರಿಯಿತು, ಅವಳೂ ಸರಿದಳು. ಒಳಗಿನಿಂದ ಒನಕೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಕೂಸಿನ ದನಿ ಒಡೆಯಿತು, ಸಣ್ಣದಾಯಿತು, ಆಮೇಲೆ ನಿಂತೇಬಿಟ್ಟಿತು. ಅಳುವ ಕೂಸಿಗಿಂತ ಅಳದ ಕೂಸಿಗೆ ಹೆದರಬೇಕು ಎಂಬುದು ಸೂಲಗಿತ್ತಿಯಾದವಳಿಗೆ ಮೊದಲ ಪಾಠ. ಆಕೆ ಎದ್ದಳು. ಬಾಗಿಲು ಬಡಿಯಲಿಲ್ಲ. ವಾಡೆಯನ್ನು ಸುತ್ತುಹಾಕಿ ಮುಂದಿನ ದೊಡ್ಡ ಬಾಗಿಲಿಗೆ ಬಂದು, ಹೊಸ್ತಿಲು ದಾಟಿ ಒಳಗೆ ಹೊಕ್ಕಳು.

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಸಿಂಧನೂರಿನಿಂದ ಬಂದ ಬೀಗರು ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದರು. ಆಕೆ ನಡುವೆಯೇ ನಡೆದಳು. ಬೀಗರು ಕಾಲು ಮುದುಡಿಕೊಂಡರು. "ಏ, ಏ! ಯಾವ ಬಾಗಲಾ ಇದು? ಕಣ್ಣು ಹೋಗ್ಯಾವೇನಬೇ?" ಎಂದು ಬಸವಂತರಾಯ ಎದ್ದ. ಯಮನಮ್ಮ ತಿರುಗಿ ನೋಡಲಿಲ್ಲ. ಒನಕೆಯ ಸದ್ದು ಹಿಡಿದು ಕುಟ್ಟುವ ಕೋಣೆಗೆ ಹೋದಳು. ಜೋಗಮ್ಮನ ಕುಪ್ಪಸ ಎದೆಯ ಮೇಲೆ ಪೂರ್ತಿ ನೆಂದಿತ್ತು. ಹಾಲು ಸೋರಿ ಸೋರಿ ಸೊಂಟದ ತನಕ ಇಳಿದಿತ್ತು. ಯಮನಮ್ಮ ಅವಳ ಕೈಯಿಂದ ಒನಕೆ ಕಿತ್ತು ಗೋಡೆಗೊರಗಿಸಿ, ರಟ್ಟೆ ಹಿಡಿದು, ಬಂದ ದಾರಿಯಲ್ಲೇ, ಅದೇ ಬೀಗರ ನಡುವೆ, ಅದೇ ದೊಡ್ಡ ಬಾಗಿಲಿಂದ ಹೊರಗೆ ಕರೆತಂದಳು. ವಾಡೆಯ ಮುಂದಿನ ಕಟ್ಟೆಯ ಮೇಲೆಯೇ ಮಗಳನ್ನು ಕೂರಿಸಿ ಕೂಸನ್ನು ಮಡಿಲಿಗೆ ಹಾಕಿದಳು. ತುಸು ಹೊತ್ತು ಅದು ಬಾಯಿ ತೆರೆಯಲಿಲ್ಲ. ಆಮೇಲೆ ತೆರೆಯಿತು.

ಒಳಗೆ ಬೀಗರಲ್ಲೊಬ್ಬ ಮುದುಕ ನಕ್ಕ. "ಏನ್ ರಾಯರ, ನಿಮ್ಮ ವಾಡೇಕ ಬಾಗಲಾ ಐತೋ ಇಲ್ಲೋ?"

ಆ ನಗು ಬಸವಂತರಾಯನನ್ನು ಸುಟ್ಟಿತು. ಬೀಗರ ಎದುರಿಗೆ ಹೆಂಗಸನ್ನು ಹೊಡೆಸಿದರೆ ಇನ್ನಷ್ಟು ಹಗುರಾಗುತ್ತಾನೆ. ಪಡಸಾಲೆಯನ್ನು ಸೆಗಣಿ ನೀರಿನಿಂದ ತೊಳೆಸಿದ. ಮದುವೆ ಮುಗಿದದ್ದೇ ಲಿಂಗಸುಗೂರಿನ ಮುನ್ಸಿಫರ ಕಚೇರಿಗೆ ಫಿರ್ಯಾದಿ ಕಳಿಸಿದ.

"ಹೋಗಿ ಕಾಲಿಗೆ ಬೀಳು. ತಪ್ಪಾತು ಅನ್ನು, ಮುಗೀತೈತಿ," ಎಂದ ಗದ್ದೆಪ್ಪ.

"ಯಾವುದು ತಪ್ಪಾತು?"

"ಮುಂದಿನ ಬಾಗಲಾ ಹೊಕ್ಕಿ."

"ಅವ ನಮ್ಮ ಒಲಿ ತನ ಹೊಕ್ಕ. ನೀ ನೋಡ್ಕೊಂತ ನಿಂತಿದ್ದಿ. ದನ ಹೊಲ ಹೊಕ್ರ ಹೊಡದು ಹೊರಗ ಹಾಕ್ತೀವಿ. ನಾಯಿ ಮನಿ ಹೊಕ್ರ ಕಟಗಿ ತಗೋತೀವಿ. ತಳವಾರ ಹೊಕ್ರ ಕೈ ಮುಗೀತೀವಿ. ನಾಚಿಕಿ ಬರಂಗಿಲ್ಲೇನು ನಿನಗ?"

ಗದ್ದೆಪ್ಪ ಎದ್ದು ದನದ ಕಡೆ ಹೋದ.

ಸಮನ್ಸು ತಂದ ಜವಾನ ಉರ್ದುವಿನಲ್ಲಿ ಏನೋ ಓದಿದ. ಆಕೆಗೆ ತಿಳಿಯಲಿಲ್ಲ. ಲಿಂಗಸುಗೂರಿನ ವಕೀಲ ಹುಸೇನ್‌ಸಾಬ್ ಅದನ್ನು ಬಿಡಿಸಿ ಹೇಳಿದ. ಅವನ ತಂಗಿಯನ್ನು ಈ ಊರಿಗೇ ಕೊಟ್ಟಿದ್ದರು. ಅವಳ ಮಕ್ಕಳನ್ನೆಲ್ಲ ಹಡೆಸಿದವಳು ಯಮನಮ್ಮ. ಆ ಋಣಕ್ಕೆ ಅವನು ಖಟ್ಲೆ ಹಿಡಿದಿದ್ದ.

"ಮುದಾಖಲತ್-ಎ-ಬೇಜಾ ಅಂತ ಗುನ್ಹೆ ಹಾಕ್ಯಾರವ್ವ. ಮುದಾಖಲತ್ ಅಂದ್ರ ಹೊಕ್ಕೋದು. ಬೇಜಾ ಅಂದ್ರ ಸಲ್ಲದ ಜಾಗಾ, ಹೋಗಬಾರದ ಕಡೆ."

"ಹೋಗಬಾರದ ಕಡೆ? ಅವನ ಹೆಂಡ್ತಿ ಹಡಿಯೋ ಕೋಣಿಗೆ ನಾ ಹೋಗೀನಿ. ಅವನ ಮಕ್ಕಳು ಹೊರಗ ಬರೂ ಮೊದಲ ಅವನ್ನ ಮುಟ್ಟೀನಿ. ಅದು ಹೋಗಬಾರದ ಕಡೆ ಆಗಲಿಲ್ಲ. ಪಡಸಾಲಿ ಆತು?"

"ಕೇಳವ್ವ. ಬರೇ ಹೊಕ್ಕರ ಗುನ್ಹೆ ಅಲ್ಲ. ಕಾಯ್ದೆ ನೀಯತ್ ಕೇಳ್ತದ, ಮನಸಿನ್ಯಾಗ ಏನಿಟ್ಕೊಂಡು ಹೊಕ್ಕಿ ಅಂತ. ಅಂಜಿಸಬೇಕು, ಅವಮಾನ ಮಾಡಬೇಕು ಅಂತಿದ್ರ ಗುನ್ಹೆ. ನೀ ಕೂಸಿನ ಸಲುವಾಗಿ ಹೋದೆ ಅಷ್ಟ ಅನ್ನು. ಸಿಟ್ಟಿನ ಮಾತು ತೆಗೀಬ್ಯಾಡ."

"ಸಿಟ್ಟು ಇತ್ತಲ್ಲಪ್ಪ."

"ಇರ್ಲಿ. ಅಲ್ಲಿ ಹೇಳಬ್ಯಾಡ."

ಪೇಶಿಯ ದಿನ, ವಿಚಾರಣೆಗೆಂದು, ಆಕೆ ಜೋಗಮ್ಮನನ್ನೂ ಕೂಸನ್ನೂ ಕರೆದುಕೊಂಡು ಲಿಂಗಸುಗೂರಿಗೆ ನಡೆದೇ ಹೋದಳು. ಗದ್ದೆಪ್ಪ ಬರಲಿಲ್ಲ. ಕಚೇರಿಯಲ್ಲಿ ಎಲ್ಲ ಮಾತೂ ಉರ್ದುವಿನಲ್ಲಿ ಆಕೆಯ ತಲೆಯ ಮೇಲೆ ಹಾದುಹೋಗುತ್ತಿತ್ತು; ನಡುನಡುವೆ "ಬೇಜಾ" ಎಂಬುದೊಂದು ಮಾತ್ರ ಕಿವಿಗೆ ತಾಗುತ್ತಿತ್ತು. ಬಸವಂತರಾಯ ತಾನು ಬರದೆ ನರಸಣ್ಣನನ್ನು ಗವಾಹಿಗೆ, ಸಾಕ್ಷಿ ಹೇಳಲು, ಕಳಿಸಿದ್ದ. ಹುಸೇನ್‌ಸಾಬ್ ಅವನನ್ನು ಕನ್ನಡದಲ್ಲೇ ಕೇಳಿದ: "ಆ ದಿನ ಬೆಳಿಗ್ಗೆ ನೀನು ಈಕಿ ಮನಿಯೊಳಗ ಹೋಗಿದ್ದಿ?"

"ಹೋಗಿದ್ದೆರಿ."

"ಯಾರನ್ನ ಕೇಳಿ ಹೋದಿ?"

ನರಸಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಕ್ಕುಬಿಟ್ಟ. "ಕೇರ್‍ಯಾಗ ಏನ್ ಕೇಳೂದೈತ್ರಿ ಸಾಹೇಬ್ರ?"

ಮುನ್ಸಿಫರು ನಗಲಿಲ್ಲ. ಆದರೆ ಅವರ ಮುಂದಿದ್ದುದು ಆ ಖಟ್ಲೆಯಲ್ಲ. ಅವರು ಯಮನಮ್ಮನ ಕಡೆ ತಿರುಗಿ, ಹೊಕ್ಕಾಗ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿಸಿದರು. ಹುಸೇನ್‌ಸಾಬ್ ಕಣ್ಣಲ್ಲೇ ತಡೆದ.

"ಕೂಸು ಸಾಯಾಕತ್ತಿತ್ತು," ಎಂದಳು ಯಮನಮ್ಮ. "ಅದನ್ನ ಉಳಿಸಬೇಕಿತ್ತು. ಮತ್ತ ಸಿಟ್ಟಿತ್ತು. ಕುಂತಾವ್ರೆಲ್ಲ ನೋಡ್ಲಿ ಅಂತನ ನಡುವ ನಡದೆ. ಅದನ್ನ ಯಾಕ ಮುಚ್ಚಲಿ?"

ಹುಸೇನ್‌ಸಾಬ್ ತಲೆ ತಗ್ಗಿಸಿದ. ಆಕೆಯ ಬಾಯಿಂದಲೇ ಬಂದ ಮೇಲೆ ಕಾಯ್ದೆಗೆ ಬೇರೆ ದಾರಿ ಇರಲಿಲ್ಲ. ಮುನ್ಸಿಫರು ಇರುವುದರಲ್ಲಿ ಅತಿ ಸಣ್ಣ ಶಿಕ್ಷೆ ಹೇಳಿದರು: ಆ ದಿನದ ಕಚೇರಿ ಮುಗಿದು ಏಳುವವರೆಗೆ ಅಲ್ಲೇ ಕೂತಿರಬೇಕು.

"ಕುಂದರ್ತೀನಿ," ಎಂದಳು ಆಕೆ. "ನನ್ನ ಬಾಜೂಕ ಅವನ್ನೂ ಕುಂದರಸ್ರಿ. ಅವನೂ ಹೊಕ್ಕಾನ. ಅವನ ಬಾಯಿಲೇನ ಹೇಳ್ಯಾನ."

ಅವನ ಮೇಲೆ ಯಾರೂ ಫಿರ್ಯಾದಿ ಕೊಟ್ಟಿಲ್ಲ ಎಂದು ಮುನ್ಸಿಫರು ಹೇಳಿಸಿದರು.

"ನಾ ಕೊಡ್ತೀನಿ. ಈಗ ಕೊಡ್ತೀನಿ. ಬರ್ಕೊಳ್ರಿ."

ಕೂತ ಜಾಗದಿಂದಲೇ ಆಕೆ ಹೇಳಿದಳು, ಹುಸೇನ್‌ಸಾಬ್ ಬರೆದ. ನರಸಣ್ಣ ಹೊಕ್ಕದ್ದು, ಅವನನ್ನು ಕಳಿಸಿದವನು ಬಸವಂತರಾಯ, ಬಾಣಂತಿಯ ಮರೆ ಸರಿಸಿದ್ದು. ಗುನ್ಹೆಯ ಹೆಸರೂ ಅದೇ, ಮುದಾಖಲತ್-ಎ-ಬೇಜಾ. ಕೇರಿಯ ಹೆಂಗಸೊಬ್ಬಳು ಧಣಿಯ ಮೇಲೆ ಆ ಹೆಸರು ಹಚ್ಚಿದ್ದನ್ನು ಸುತ್ತಲಿನ ಊರುಗಳಲ್ಲಿ ಯಾರೂ ಕೇಳಿರಲಿಲ್ಲ.

ಈ ಸಲ ಬಸವಂತರಾಯನೇ ಬರಬೇಕಾಯಿತು. ಕಚೇರಿಯ ಅಂಗಳದಲ್ಲಿ, ಬಿಸಿಲಲ್ಲಿ, ಎಲ್ಲರ ಜೊತೆ ಕಾದು ನಿಂತ; ಜವಾನ ಅವನ ಹೆಸರನ್ನು ಬರಿದಾಗಿ, ಹಿಂದೆ ಮುಂದೆ ಮರ್ಯಾದೆಯ ಮಾತೇನೂ ಸೇರಿಸದೆ ಕೂಗಿದ. ಆದರೆ ಅಷ್ಟರಲ್ಲಿ ವಾಡೆ ತನ್ನ ಕೆಲಸ ಮಾಡಿಯಾಗಿತ್ತು. ಗವಾಹಿ ಹೇಳಿದವರ ದನ ಧಣಿಯ ಬೀಳುನೆಲದಲ್ಲಿ ಮೇಯುವಂತಿಲ್ಲ, ಅವರಿಗೆ ಹೊಲಗೆಲಸವಿಲ್ಲ ಎಂದು ಕೇರಿಗೆ ಮಾತು ಮುಟ್ಟಿತ್ತು. ಆ ಬೆಳಗ್ಗೆ ಕಣ್ಣಾರೆ ನೋಡಿದವರಿಗೆ ಒಮ್ಮೆಲೇ ಏನೂ ನೆನಪಿಲ್ಲದಾಯಿತು. ಉಳಿದವನು ಗದ್ದೆಪ್ಪ ಒಬ್ಬ. ಹೊಸ್ತಿಲ ಹೊರಗೆ ನಿಂತಿದ್ದವನು, ಮನೆಯ ಯಜಮಾನ.

ಅವನು ಕಟಕಟೆಯಲ್ಲಿ ನಿಂತು ಹೆಂಡತಿಯನ್ನು ನೋಡದೆ ಹೇಳಿದ: "ನಾ ದನದ ಹಿಂದ ಹೋಗಿದ್ದೆರಿ. ನನಗೇನೂ ಗೊತ್ತಿಲ್ರಿ."

ನರಸಣ್ಣನೂ ಈಗ ಪಾಠ ಕಲಿತುಬಂದಿದ್ದ. ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿಯೇ ಹೋದೆ, ಅವತ್ತು ಅಂದದ್ದು ನಗೆಯ ಮಾತು ಎಂದ. ತಾಯಿ ಮಗಳ ಮಾತಿಗೆ ಮನೆಯ ಯಜಮಾನನೇ ಎದುರು ನಿಂತ ಮೇಲೆ ಫಿರ್ಯಾದಿ ನಿಲ್ಲಲಿಲ್ಲ, ಬಿದ್ದುಹೋಯಿತು.

ಮರಳುವ ದಾರಿಯಲ್ಲಿ ಗದ್ದೆಪ್ಪ ಹಿಂದೆ ಹಿಂದೆ ಬಂದ. ಯಮನಮ್ಮ ಮುಂದೆ ಮುಂದೆ ನಡೆದಳು.

ಒಂದು ಮಾತ್ರ ಆಯಿತು. ಅಂದಿನಿಂದ ನರಸಣ್ಣ ಕೇರಿಗೆ ಬಂದರೆ ಹೊರಗೆ ನಿಂತೇ ಕೂಗತೊಡಗಿದ. ಕೇರಿಯವರು ಇದನ್ನೇ ದೊಡ್ಡ ಗೆಲುವೆಂದುಕೊಂಡರು. "ಬೇಜಾ" ಎಂಬುದು ಆಡುಮಾತೇ ಆಗಿಹೋಯಿತು: ಮಕ್ಕಳು ಒಲೆಯ ಹತ್ತಿರ ನುಗ್ಗಿದರೆ "ಬೇಜಾ ಮಾಡಬ್ಯಾಡ್ಲೇ" ಎನ್ನುವರು, ಕೋಳಿ ಒಳಗೆ ಬಂದರೆ "ಅಗಾ, ಬೇಜಾ ಬಂತು" ಎಂದು ನಗುವರು. ಯಮನಮ್ಮನ ಮುಂದೆ ಒಬ್ಬಳು ಹಾಗೆ ನಕ್ಕಾಗ ಆಕೆ ಕೈಯಲ್ಲಿದ್ದ ಮೊರ ನೆಲಕ್ಕೆ ಕುಕ್ಕಿದಳು.

"ನಗ್ರಿ. ಅವ ಹೊರಗ ನಿಂತು ಕರದ್ರೂ ಒಯ್ಯೋದು ಒಯ್ತಾನಲ್ಲ? ಕರದ ಕೂಡ್ಲೆ ಓಡ್ತೀರಲ್ಲ? ಆವತ್ತು ಯಾರ್ ಬಂದ್ರಿ ನನ್ನ ಹಿಂದ?"

ಆಮೇಲೆ ಆಕೆಯ ಎದುರಿಗೆ ಯಾರೂ ಆ ಮಾತನ್ನು ನಗೆಗೆ ಬಳಸಲಿಲ್ಲ.

ಅಳಿಯ ಬಂದು ಜೋಗಮ್ಮನನ್ನು ಹಟ್ಟಿಗೆ ಕರೆದೊಯ್ಯುವಾಗ ಯಮನಮ್ಮನೂ ಬುಟ್ಟಿ ಕಟ್ಟಿಕೊಂಡು ಹೊರಟಳು. ಗಂಡನಿಗೆ ಒಲೆಯ ಮೇಲೆ ರೊಟ್ಟಿ ಮಾಡಿಟ್ಟಿದ್ದಳು, ಹೇಳಿ ಹೋಗಲಿಲ್ಲ. ಹಟ್ಟಿಯಲ್ಲಿ ಗಣಿಯಾಳುಗಳ ಗುಡಿಸಲು ಸಾಲಿನಲ್ಲಿ ಹೆರಿಗೆಗಳಿಗೆ ಕೊರತೆಯಿರಲಿಲ್ಲ. ಯಾವ ಯಾವ ಕಡೆಯಿಂದಲೋ ಬಂದ ಮಂದಿ, ತೆಲುಗಿನವರು, ದಖ್ಖನಿಯವರು. ಬೇನೆ ಬಂದವಳಿಗೆ ಭಾಷೆ ಒಂದೇ. ಆಕೆಯ ಕೈಗೆ ಕೆಲಸ ಸಿಕ್ಕಿತು.

ಮುಂದಿನ ಸುಗ್ಗಿ ಮುಗಿದ ಮೇಲೆ ಗದ್ದೆಪ್ಪ ಹುಡುಕಿಕೊಂಡು ಬಂದ. ಸೊರಗಿದ್ದ. ಯಮನಮ್ಮ ಕಾಲಿಗೆ ನೀರು ಕೊಟ್ಟಳು, ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ನಡೆಯುವುದನ್ನು ಕಲಿತ ಮೊಮ್ಮಗಳು ಅವನ ರುಮಾಲು ಎಳೆಯಿತು. ಅವನು ಅದನ್ನು ಎತ್ತಿಕೊಳ್ಳಲು ಹೋಗಿ, ಹೆಂಡತಿಯ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.

"ನಡಿ, ಊರಿಗೆ ಹೋಗೂನು," ಎಂದ.

"ಯಾಕ?"

"ಮನಿ ಬೀಳಾಕತ್ತೈತಿ."

ಆಕೆ ಇನ್ನೊಂದು ರೊಟ್ಟಿ ಹಾಕಿದಳು.

"ನನಗ ಅಂಜಿಕಿ ಬಂದಿತ್ತು ಯಮನಿ," ಎಂದ ಗದ್ದೆಪ್ಪ. "ಕಟಕಟಿಯಾಗ ನಿಂತಾಗ ಕಾಲಾಗ ಬಲ ಇರಲಿಲ್ಲ."

"ನನಗೂ ಬಂದಿತ್ತು," ಎಂದಳು ಯಮನಮ್ಮ. "ದೊಡ್ಡ ಬಾಗಲಾದಾಗ ನನಗೂ ಕಾಲು ನಡಗಿದ್ವು."

ಅವನು ತಟ್ಟೆಯಲ್ಲಿ ಕೈತೊಳೆದ. ಬಿಸಿಲಿಳಿದ ಮೇಲೆ ಬಡಿಗೆ ಹಿಡಿದು ಒಬ್ಬನೇ ಊರ ದಾರಿ ಹಿಡಿದ. ಜೋಗಮ್ಮ ಅಳುತ್ತ ತಿರುವಿನವರೆಗೆ ಹೋಗಿ ಬಂದಳು. ಯಮನಮ್ಮನನ್ನು ಅಷ್ಟರಲ್ಲಿ ಹಿಂದಿನ ಸಾಲಿನ ಹೆರಿಗೆಗೆ ಕರೆದಿದ್ದರು. ಆಕೆ ಸೆರಗು ಸಿಕ್ಕಿಸಿಕೊಂಡು ಆ ಕಡೆ ಹೋಗಿದ್ದಳು.