ಬಿಟ್ಟುಹೋದ ಸೊನ್ನೆ

ಅಪ್ಪ ಕಾಲೇಜಿನ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಒಳಗೆ ನಾನು ಕಂಪ್ಯೂಟರಿನ ಮುಂದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ರಾಯಚೂರಿನ ನಮ್ಮ ಡಿಪ್ಲೊಮಾ ಕ್ಲಾಸಿನಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ. ನನ್ನನ್ನು ಓದಲು ಕಳಿಸಿದ್ದಕ್ಕೆ ಪೋತ್ನಾಳದ ದೊಡ್ಡಪ್ಪ ಎಗರಾಡಿದ್ದ.

"ಗಂಡಹುಡುಗರ ಬಾಜೂಕ ಕುಂದ್ರಸ್ತಾರಂತ. ನಾಳಿ ಏನರ ಮಾತು ಬಂತಂದ್ರ?"

"ಒಂದ ಒಂದು ಮಾತು ಬರ್ಲಿ, ಅವತ್ತ ಸಾಲಿ ಬಿಡಸ್ತೀನಿ" ಎಂದು ಅಪ್ಪ ನಾಲ್ಕು ಜನರೆದುರು ಮಾತು ಕೊಟ್ಟುಬಿಟ್ಟಿದ್ದ. ನನ್ನನ್ನು ಕೇಳಿದ್ದರೆ ಅಂಥ ಮಾತು ಕೊಡಲು ನಾನು ಬಿಡುತ್ತಲೇ ಇರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಕೆಲಸ ಬಿಟ್ಟು ನನ್ನ ಜೊತೆ ಬಸ್ಸಿನಲ್ಲಿ ಬಂದು ಕಾವಲು ಕೂರುತ್ತಿದ್ದುದೂ ಆ ಮಾತಿನ ಭಯಕ್ಕೇ.

ಅವತ್ತು ಪ್ರಾಕ್ಟಿಕಲ್. ಕಂಪ್ಯೂಟರಿಗೆ ಸೊನ್ನೆ ಮತ್ತು ಒಂದು ಬಿಟ್ಟರೆ ಬೇರೇನೂ ತಿಳಿಯದು. ಹಾಗಾಗಿ ಒಬ್ಬರ ಪ್ರೋಗ್ರಾಮು ಮಾತನ್ನು ಸೊನ್ನೆ-ಒಂದುಗಳಾಗಿ ಮಾಡಬೇಕು, ಇನ್ನೊಬ್ಬರದು ಅವನ್ನು ತಿರುಗಿ ಮಾತಾಗಿಸಬೇಕು. ಒಂದು ಅಕ್ಷರಕ್ಕೆ ಏಳು ಅಂಕಿ. ಕನ್ನಡದ ಕೀಲಿಗಳು ಇರಲಿಲ್ಲವಾದ್ದರಿಂದ ಕನ್ನಡವನ್ನೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬಡಿಯುತ್ತಿದ್ದೆವು. ರೋಲ್ ನಂಬರಿನ ಪ್ರಕಾರ ನನಗೆ ಜೋಡಿಯಾದವನು ದೇವದುರ್ಗದ ಹುಡುಗ, ನನ್ನ ಮುಖ ನೋಡಿ ಮಾತಾಡಲೂ ಅಂಜುವಂಥವನು. ಅಂಕಿ ಮಾಡುವುದು ಅವನ ಪಾಲಿಗೆ, ಬಿಡಿಸುವುದು ನನ್ನ ಪಾಲಿಗೆ. ಊರಿನ ಹೆಸರುಗಳನ್ನು ಹಾಕಿ ಹಾಕಿ ನೋಡಿದ್ದೆವು. ಮಾನ್ವಿ, ದೇವದುರ್ಗ, ಮಟಮಾರಿ, ಯಾಪಲದಿನ್ನಿ, ಎಲ್ಲವೂ ಹೋದ ಹಾಗೇ ತಿರುಗಿ ಬಂದಿದ್ದವು. ನಾನಂತೂ ಪಾಸಾದೆ ಎಂದೇ ಬೀಗುತ್ತಿದ್ದೆ.

ಮೈಸೂರು ಕಡೆಯಿಂದ ಬಂದಿದ್ದ ಪರೀಕ್ಷಕರು ಅವನಿಗೆ "ನಮ್ಮ ಕರ್ನಾಟಕ" ಎಂದು ಬಡಿಯಲು ಹೇಳಿದರು. ಬಂದ ಅಂಕಿಗಳನ್ನು ಅವನು ಹಾಳೆಯಲ್ಲಿ ಬರೆದುಕೊಟ್ಟ. ನಾನು ಅವನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ "ನಮ್ಮ" ಬಂತು, ಅದರ ಬಾಲಕ್ಕೆ ಇಂಗ್ಲಿಷಿನ ಎ ಒಂದು ಹೆಚ್ಚಿಗೆ. ಮುಂದೆ ಕರ್ನಾಟಕ ಇಲ್ಲ. ಒಂದು ಬಾಣದ ಗುರುತು, ಇಸ್ಪೀಟ್ ಎಲೆಯ ಮೇಲಿರುವಂಥ ಹೃದಯ, ಸ್ವಲ್ಪ ಆಚೆ ಇನ್ನೊಂದು ಹೃದಯ, ಅದರಾಚೆ ಮತ್ತೊಂದು, ನಡುನಡುವೆ ಏನೇನೋ ಗುರುತು. ಕಟ್ಟಕಡೆಗೆ ನನ್ನನ್ನೇ ನೋಡಿ ನಗುತ್ತಿರುವ ಒಂದು ಮುಖ.

ಹಿಂದೆ ಯಾರೋ ಕಿಸಕ್ಕೆಂದರು. ಕಿಟಕಿಯಲ್ಲಿ ಮೂರ್ನಾಲ್ಕು ತಲೆ ಇಣುಕಿದವು.

"ಏನಮ್ಮ ಇದು? ಪರೀಕ್ಷೆಯೋ, ಪ್ರೇಮಪತ್ರವೋ?" ಪರೀಕ್ಷಕರ ಮುಖ ಕೆಂಪಾಗಿತ್ತು. ಅಟೆಂಡರನ ಕಡೆ ತಿರುಗಿ, "ಈ ಹುಡುಗಿಯ ಮನೆಯವರು ಯಾರಾದರೂ ಬಂದಿದ್ದರೆ ಕರಿ" ಎಂದರು. ಅವನು ಇಂಥದಕ್ಕೇ ಕಾದಿದ್ದವನಂತೆ ಹೊರಗೆ ಓಡಿದ.

ದೇವದುರ್ಗದವನು ಎದ್ದು ನಿಂತು ನೆಲ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. "ಬಾಯಾಗ ಕಡಬು ಇಟ್ಕೊಂಡಿಯೇನ್ಲೇ? ನೀ ಬರದಿಲ್ಲಂತ ಹೇಳು!"

"ನಾ ಏನೂ ಮಾಡಿಲ್ರೀ ಸರ" ಎಂದು ಅವನು ನೆಲಕ್ಕೆ ಹೇಳುವಂತೆ ಗೊಣಗಿದ. ಅದು ತಪ್ಪೊಪ್ಪಿಕೊಂಡ ಹಾಗೇ ಕೇಳಿಸಿತು.

ಅಪ್ಪ ಆ ಪರದೆಯನ್ನು ನೋಡಿದರೆ ನನ್ನ ಓದು ಅಲ್ಲಿಗೇ ಮುಗಿಯಿತು. ಹಾಳೆ ಎಳೆದುಕೊಂಡು ಪೆನ್ಸಿಲಿನಿಂದ ಏಳೇಳು ಅಂಕಿಗೊಂದು ಗೆರೆ ಹಾಕುತ್ತಾ ಹೋದೆ. "ನಮ್ಮ"ದ ಐದು ಅಕ್ಷರ ಸರಿ. ಆರನೆಯದು ಎ. ಎರಡು ಪದಗಳ ನಡುವಿನ ಖಾಲಿ ಜಾಗ ಇರಬೇಕಾದಲ್ಲಿ ಎ ಯಾಕೆ ಬಂತು? ಕೊನೆಗೆ ಹೋದರೆ ಉಳಿದದ್ದು ಆರೇ ಅಂಕಿ. ಆಗ ಹೊಳೆಯಿತು. ಖಾಲಿ ಜಾಗಕ್ಕೂ ಒಂದು ಸಂಖ್ಯೆ ಇದೆ. ಅದು ಸಣ್ಣದು, ಆರೇ ಅಂಕಿಯಲ್ಲಿ ಮುಗಿಯುತ್ತದೆ. ಏಳಾಗಬೇಕಾದರೆ ಎಡಗಡೆ ಸೊನ್ನೆ ಹಾಕಬೇಕು. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಅವನ ಪ್ರೋಗ್ರಾಮು ಅದನ್ನು ಬಿಟ್ಟಿತ್ತು. ನನ್ನದು ಕಣ್ಣುಮುಚ್ಚಿ ಏಳೇಳು ಕತ್ತರಿಸುತ್ತಾ ಪಕ್ಕದ ಅಕ್ಷರದಿಂದ ಒಂದು ಅಂಕಿ ಕಸಿದುಕೊಂಡಿತ್ತು. ಅಲ್ಲಿಂದಾಚೆ ಎಲ್ಲ ಒಂದೊಂದು ಅಂಕಿ ಜಾರಿ, ಎ ಇದ್ದಲ್ಲಿ ಹೃದಯ; ಕಂಪ್ಯೂಟರಿನ ಪಟ್ಟಿಯಲ್ಲಿ ಆ ಚಿತ್ರಗಳಿಗೂ ಒಂದೊಂದು ಸಂಖ್ಯೆ ಇತ್ತು. ನಾವು ಹಾಕಿ ನೋಡಿದ ಒಂದು ಊರಿನ ಹೆಸರಲ್ಲೂ ಖಾಲಿ ಜಾಗವೇ ಇರಲಿಲ್ಲ!

ಹಾಳೆಯಲ್ಲಿ ಆ ಸೊನ್ನೆ ಸೇರಿಸಿ, ಪರೀಕ್ಷಕರಿಗೆ ತೋರಿಸಿ ಮತ್ತೆ ಬಡಿದೆ. ಅವಸರದಲ್ಲಿ ಎರಡು ಸಲ ತಪ್ಪಿದೆ. ಕೊನೆಗೆ "ನಮ್ಮ ಕರ್ನಾಟಕ" ಪೂರ್ತಿ ಬಂತು.

"ಈಗ ನೀನೇ ಅಳಿಸಿ ಬೇರೆ ಬರೆದೆ, ಅಷ್ಟೇ" ಎಂದರು ಪರೀಕ್ಷಕರು.

"ಹಂಗಂದ್ರ ಆ ಸೊನ್ನಿ ತಗದು ನೀವ ಬಡೀರಿ ಸರ್" ಎಂದು ನಾನು ಕುರ್ಚಿ ಬಿಟ್ಟು ಎದ್ದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ, ಈಗಲೂ ಗೊತ್ತಿಲ್ಲ. ಅವರು ಕೂತು ಒಂದೇ ಬೆರಳಿನಲ್ಲಿ ಎಲ್ಲ ಅಂಕಿಗಳನ್ನು ಕುಟ್ಟಿದರು. ಅವರ ಕೈಯಿಂದಲೇ ಹೃದಯಗಳು ಬಂದವು, ಆ ನಗುವ ಮುಖವೂ ಬಂತು. ಅವರು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, "ಪ್ರೋಗ್ರಾಮ್ ತಿದ್ದಿ ಇಬ್ಬರೂ ಮತ್ತೊಮ್ಮೆ ತೋರಿಸಿ. ಯಾರನ್ನೂ ಕರೆಯುವುದು ಬೇಡ" ಎಂದರು.

ಬೇಡ ಅನ್ನಲು ಅಟೆಂಡರ್ ಒಳಗಿದ್ದರೆ ತಾನೆ? ಕೆಲಸ ಮುಗಿಸಿ ಹೊರಗೆ ಬಂದಾಗ ಅಪ್ಪ ವರಾಂಡದ ಮೆಟ್ಟಿಲ ಹತ್ತಿರ ನಿಂತಿದ್ದ. ಸುತ್ತಲಿದ್ದ ಹುಡುಗರು ನನ್ನನ್ನು ಕಂಡು ಚದುರಿದರು.

"ಯಪ್ಪಾ, ಅದು ಲೆಕ್ಕದ ತಪ್ಪು. ಒಂದು ಸೊನ್ನಿ ಬಿಟ್ಟಿತ್ತು..."

"ನಿನ್ನ ಮಗಳ ಟೀವ್ಯಾಗ ದಿಲ್ ಬಂದಾವ ಅಂದ ಆ ಕರ್ಯಾಕ ಬಂದಾಂವ, ಎಲ್ಲಾರ ಮುಂದ" ಎಂದ ಅಪ್ಪ. "ಮಾತು ಬಂತು."

ಅಳಬಾರದೆಂದು ತುಟಿ ಕಚ್ಚಿಕೊಂಡೆ.

"ನಾಳಿ ಪರೀಕ್ಷಿ ಅದ ಏನು?"

"ಅದ."

ಅಪ್ಪ ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡ. "ನಾಳಿ ನಾ ಬರಂಗಿಲ್ಲ. ಒಬ್ಬಾಕಿನ ಬಾ. ನಾ ಹಿಂಗ ಕಾಯ್ಕೋತ ಕುಂತ್ರ ಈ ಮಂದಿ ಮಾತಿಗಿ ನಾನ ಹೂಂ ಅಂದಂಗ ಆಗ್ತದ."

"ದೊಡ್ಡಪ್ಪಗ ಮಾತು ಕೊಟ್ಟಿಯಲ್ಲ?"

"ಕೊಟ್ಟಾಂವ ನಾ, ಮುರಿಯಾಂವನೂ ನಾನ. ನಡಿ ಯವ್ವಾ, ಬಸ್ಸು ಬಿಡ್ತದ."