ಅಮಾವಾಸ್ಯೆಗೆ ಗುಳಿಗೆಯ ಉಪವಾಸ

ಹಿರೇಕೆರೂರಿನಲ್ಲಿ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವ ಡಾಕ್ಟರು ನಾನು. ಮಾಸೂರಿನ ನಿಂಗಪ್ಪಜ್ಜ ಭಜನಾ ಮೇಳದ ಹಾಡುಗಾರ. ಮೊದಲ ಸಲ ಬಂದಾಗ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಖಿನ್ನತೆಗೆ ಗುಳಿಗೆ ಬರೆದುಕೊಟ್ಟೆ. ಬರುಬರುತ್ತಾ ನಿದ್ದೆ ಹತ್ತಿತು, ರೊಟ್ಟಿ ರುಚಿಸಿತು, ಮತ್ತೆ ಭಜನೆಗೆ ಹೋಗತೊಡಗಿದ.

ಆಮೇಲೊಮ್ಮೆ ಬಂದವನು, "ಬಾಯಿ ಒಣಗತೈತ್ರಿ. ಅಮಾಸಿ ಬಂದ್ರ ಎದಿ ಡವಡವ ಹೊಡಕೋತೈತಿ, ತಲಿ ತಿರಗತೈತಿ" ಎಂದ.

ಬಾಯಿ ಒಣಗುವುದು ಗುಳಿಗೆಯಿಂದ, ಆಗಾಗ ನೀರು ಕುಡಿಯಿರಿ ಎಂದೆ. ಅಮಾವಾಸ್ಯೆಯದು ಮಾತ್ರ ತಿಳಿಯಲಿಲ್ಲ.

"ಅವತ್ತ ಭಜನಿ ಇರತೈತ್ರಿ, ಗಾಂಜಾ ಚಿಲುಮಿ ಕೈಯಿಂದ ಕೈಗೆ ಬರತೈತಿ. ಎರಡೂ ಕೂಡಬಾರದಂತ ಅವತ್ತೊಂದಿನ ಗುಳಗಿ ಉಪವಾಸ ಮಾಡತೇನಿ."

"ಅಜ್ಜಾರ, ಒಂದಿನ ಬಿಟ್ರ ಗುಳಗಿ ಮೈಯಿಂದ ಹೋಗೂದಿಲ್ರಿ. ಚಿಲುಮಿ ಜೋಡಿ ಸೇರಿ ಎದಿ ಹಾರಸತೈತಿ. ಗುಳಗಿ ದಿನಾ ತಗೋರಿ, ಚಿಲುಮಿ ಬಿಡ್ರಿ."

"ಅದು ಪ್ರಸಾದರಿ, ಬ್ಯಾಡ ಅನ್ನಾಕ ಬರೂದಿಲ್ಲ."

"ಹಂಗಾದ್ರ ಕಣ್ಣಿಗೊತ್ತಿಕೊಂಡು ಮುಂದ ದಾಟಸ್ರಿ."

ಈ ದಾರಿ ಅಜ್ಜನಿಗೆ ಒಪ್ಪಿಗೆಯಾಯಿತು. ಮುಂದಿನ ಸಲ ಅವನ ಬೆನ್ನಿಗೇ ಮೇಳದ ತಾಳದ ಬಸಪ್ಪನೂ ಒಳಗೆ ಬಂದ.

"ಡಾಕ್ಟರ್ರ, ಚಿಲುಮಿ ಬಿಟ್ಟಾಗಿಂದ ಇಂವನ ಎದಿ ಡವಡವ ನಿಂತೈತಿ, ನಮ್ಮದು ಸುರು ಆಗೈತಿ. ಮೊದಲ ನಾಕ ಪದಾ ಹಾಡಿ ಒರಗತಿದ್ದ. ಈಗ ಬೆಳತನಕ ಏಕತಾರಿ ಯಾರ ಕೈಗೂ ಕೊಡವಲ್ಲ. ಗುಳಗಿ ಅರ್ಧಾ ಮಾಡ್ರಿ."

ನಾನು ಮಾಡಲಿಲ್ಲ. ಗುಳಿಗೆಯ ಅಡ್ಡಪರಿಣಾಮದ ದೂರು ನನಗೆ ಹೊಸದಲ್ಲ. ಗುಳಿಗೆ ನುಂಗದವನೊಬ್ಬ ದೂರು ತಂದದ್ದು ಅದೇ ಮೊದಲು.