ದುಂಡಸಿಯ ಗೋಡೆಯೊಳಗಿನ ಖಾಲಿ ಪೈಪು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳಿಗೆ ವಿದ್ಯುತ್ತು ಕಾಲಿಡುತ್ತಿದ್ದ ದಿನಗಳಲ್ಲಿ ದೀಪ ಹೊತ್ತಿಸುವುದನ್ನು ಕಲಿಸಿದವರು ಹಲವರಿದ್ದರು. ಆ ಮನೆಗೆ ಮುಂದೆ ಏನೇನು ಬೇಕಾದೀತೆಂದು ಮೊದಲೇ ಯೋಚಿಸುವುದನ್ನು ಕಲಿಸಿದವರು ನಮ್ಮ ಶಹಾಬುದ್ದೀನ ಸರ್. ಹಾನಗಲ್ಲಿನ ತರಬೇತಿ ಶಾಲೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ ಅವರ ಜೊತೆ ವೈರಿಂಗ್ ಶಿಕ್ಷಕನಾಗಿ ದುಡಿದೆನೆಂಬುದು ನನ್ನ ಪಾಲಿನ ಹೆಮ್ಮೆ.

೧೯೭೬ರ ಬೇಸಿಗೆ. ಗಂಡನನ್ನು ಕಳೆದುಕೊಂಡಿದ್ದ ದುಂಡಸಿಯ ಭರಮವ್ವನವರು ತಮ್ಮ ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದರು. ಉಸ್ತುವಾರಿಯೆಲ್ಲ ಮೈದುನ ಕುಬೇರಪ್ಪನವರದು. ವೈರಿಂಗ್ ಗೊತ್ತುಮಾಡಲು ನನ್ನನ್ನೂ ಕರೆದುಕೊಂಡು ಹೋದ ಸರ್, ಗಂಡಸರ ಮಾತು ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದ ಭರಮವ್ವನವರ ಕಡೆ ತಿರುಗಿದರು.

"ಅವ್ವಾರ, ಮುಂದ ಈ ಮನ್ಯಾಗ ಏನೇನ ಮಾಡಬೇಕಂತ ನಿಮ್ಮ ಮನಸಿನ್ಯಾಗ ಐತ್ರಿ?"

ಆಕೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಹಿತ್ತಲ ಖೋಲ್ಯಾಗ ಖಾರ ಕುಟ್ಟೋ ಮಷಿನ್ ಹಾಕೋ ಆಸೆ ಐತ್ರಿ. ಯಾರ ಮುಂದೂ ಅಂದಿಲ್ಲ" ಎಂದರು.

ಕುಬೇರಪ್ಪನವರು ಸಿಡಿದೆದ್ದರು. "ಎರಡ ಬಲ್ಬ ಹಚ್ಚಾಕ ಬಂದವ್ರು ಗಿರಣಿ ಹಚ್ಚಾಕ ನಿಂತ್ರ್ಯಾ? ಕೆಲಸ ಬಂದ್ ಮಾಡ್ರಿ!"

ಗೌಂಡಿಗಳು ಕರಣಿ ಕೆಳಗಿಟ್ಟರು. ನಾನು ಚೀಲ ಹೆಗಲಿಗೇರಿಸಿದೆ. ಸರ್ ಮಾತ್ರ ಕದಲಲಿಲ್ಲ. "ಬಲ್ಬ ಎರಡ ಇರ್ಲಿರಿ. ದಪ್ಪ ವೈರೂ ಈಗ ಬ್ಯಾಡ. ಗ್ವಾಡಿಯೊಳಗ ಹಿತ್ತಲತನಕ ಒಂದ ಅಗಲ ಪೈಪ್ ಇಡಸ್ರಿ, ಸಾಕು. ನಾಳೆ ಮಷಿನ್ ಬಂದ್ರ ಗ್ವಾಡಿ ಒಡ್ಯೂದ ತಪ್ಪತೈತಿ."

ಮೈದುನ ಬಾಯಿ ತೆರೆಯುವ ಮೊದಲೇ ಭರಮವ್ವನವರು ಗೌಂಡಿಗೆ ಹೇಳಿದರು: "ಅವ್ರು ಹೇಳಿದಂಗ ಇಡಪ್ಪಾ. ಮನಿ ನಂದೈತಿ."

೧೯೮೩ರಲ್ಲಿ ಮಷಿನ್ನಿಗೆ ವಿದ್ಯುತ್ ಮಂಡಳಿಯ ಮಂಜೂರಾತಿ ಸಿಕ್ಕಿತು. ಗೋಡೆಯ ಗಾರೆ ಒಂದು ಚೂರೂ ಉದುರದಂತೆ ದಪ್ಪ ವೈರುಗಳನ್ನು ಆ ಪೈಪಿನೊಳಗಿಂದ ಹಿತ್ತಲ ಖೋಲಿಗೆ ಎಳೆದೆವು. ಅರ್ಥಿಂಗನ್ನು ಸ್ವತಃ ಪರೀಕ್ಷಿಸಿದ ಸರ್, ಸ್ವಿಚ್ಚನ್ನು ಭರಮವ್ವನವರ ಕೈಯಿಂದಲೇ ಒತ್ತಿಸಿದರು. ಕೆಂಪು ಧೂಳೆದ್ದು ನೆರೆದವರೆಲ್ಲ ಸೀನುತ್ತ ನಗುತ್ತಿರುವಾಗ, ಮೊದಲ ಗಿರಾಕಿಯಾಗಿ ಮೆಣಸಿನಕಾಯಿ ಚೀಲ ಹೊತ್ತು ಬಂದವರು ಕುಬೇರಪ್ಪನವರು!

"ಮಾಸ್ತರ, ನಾನೂ ಹೊಸಾ ಮನಿ ಕಟ್ಟಸಾಕತ್ತೇನಿ. ಗ್ವಾಡಿ ಏಳೂಕಿಂತ ಮದಲ ಬಂದ ಹೋಗ್ರಿ."

ಸರ್ ನಕ್ಕು, "ಬರ್ತೇನ್ರಿ. ಆವತ್ತ ನಿಮ್ಮ ಮನಿಯವ್ರೂ ಇರ್ಲಿ. ಅವರನ್ನೂ ಕೇಳೂದೈತಿ" ಎಂದರು.

ನಿವೃತ್ತಿಯಾದರೂ ಅವರಿಗೆ ಬಿಡುವಿಲ್ಲ. ಚಿಕ್ಕೇರೂರಿನಲ್ಲಿ ಏಳಲಿರುವ ಹೆಣ್ಣುಮಕ್ಕಳ ವಸತಿಗೃಹದ ವೈರಿಂಗ್ ಯೋಜನೆಯನ್ನು ಆಗಲೇ ಒಪ್ಪಿಕೊಂಡಿದ್ದಾರೆ. ಅವರ ಆಯುಷ್ಯ ದೊಡ್ಡದಾಗಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಕೆಲಸವಿರುವಲ್ಲಿಗೆಲ್ಲ ನಮ್ಮನ್ನೂ ಕರೆದೊಯ್ಯುತ್ತಿರಲಿ.